ಡಾಲರ್ ಅಳಿಸುವ ಕೆಲಸ

"ಇವತ್ತು ಆಫೀಸಿನಲ್ಲಿ ಏನು ಮಾಡಿದೆಯೋ?" ಎಂದು ಅಮ್ಮ ದಿನವೂ ಕೇಳುತ್ತಾಳೆ. ನಾನು ಸರ್ವರ್ ನೋಡಿಕೊಳ್ಳುವವನು ಎಂಬಷ್ಟು ಅವಳಿಗೆ ಗೊತ್ತು. ಹಾಗಾಗಿ ರೇಷನ್ ಅಂಗಡಿಯಲ್ಲಿ "ಸರ್ವರ್ ಡೌನ್, ನಾಳೆ ಬನ್ನಿ" ಎಂದು ವಾಪಸು ಕಳಿಸಿದ ದಿನ ಸಂಜೆ ನನ್ನ ಮುಖವನ್ನು ಒಂದು ಥರ ನೋಡುತ್ತಾಳೆ. ಕಳೆದ ಆಷಾಢದಲ್ಲಿ ಒಂದು ಸಂಜೆ ಅದೇ ಪ್ರಶ್ನೆ ಬಂತು. ದಣಿದಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

"ಡಾಲರ್ ಅಳಿಸ್ತಾ ಇದ್ದೆ ಕಣಮ್ಮ. ಬೆಳಗ್ಗೆಯಿಂದ ನಾನೂರು ಡಾಲರ್ ಅಳಿಸಿದೆ."

ದಂಟಿನ ಸೊಪ್ಪು ಬಿಡಿಸುತ್ತಿದ್ದ ಅವಳ ಕೈ ನಿಂತಿತು. ಎದುರು ಮನೆಯವರ ಮಗ ಅಮೆರಿಕದಲ್ಲಿ ಕೂತು ಡಾಲರ್ ಸಂಪಾದಿಸುತ್ತಾನೆ. ಡಾಲರ್ಸ್ ಕಾಲೋನಿ ಎಂದು ಬಡಾವಣೆಗೇ ಹೆಸರಿಟ್ಟ ಬೆಂಗಳೂರು ಇದು. ಇಂಥ ಊರಲ್ಲಿ ತಾನು ಹೆತ್ತವನು ಒಂದೇ ದಿನ ನಾನೂರು ಡಾಲರ್ ಅಳಿಸಿ, ಹಸಿವಾಗಿದೆ ಎಂದು ಮನೆಗೆ ಬಂದಿದ್ದಾನೆ.

ವಿಷಯ ಇಷ್ಟೆ. ನಮ್ಮ ಕಂಪನಿಯ ಸರ್ವರುಗಳನ್ನು ಹೇಗೆ ಸಜ್ಜು ಮಾಡಬೇಕು, ಬಿದ್ದರೆ ಹೇಗೆ ಎಬ್ಬಿಸಬೇಕು, ನಡುರಾತ್ರಿ ಡಿಸ್ಕ್ ತುಂಬಿ ಉಸಿರು ಕಟ್ಟಿದರೆ ಯಾವ ಫೈಲನ್ನು ಬಲಿ ಕೊಡಬೇಕು ಎಂಬುದನ್ನೆಲ್ಲ ಬರೆದಿಟ್ಟ ಕೈಪಿಡಿ ಒಂದಿದೆ. ಹದಿನಾಲ್ಕು ವರ್ಷಗಳಲ್ಲಿ ಹತ್ತಾರು ಕೈ ಸೇರಿ ಬರೆದದ್ದು. ಅರ್ಧ ಜನ ಈಗ ಕಂಪನಿಯಲ್ಲೇ ಇಲ್ಲ. ಅದರಲ್ಲಿ ವಿವರಣೆ ಒಂದು ಪಾಲಾದರೆ ಕಮಾಂಡುಗಳು ಮೂರು ಪಾಲು. ಕಮಾಂಡುಗಳನ್ನು ಬೂದು ಬಣ್ಣದ ಚೌಕಟ್ಟಿನೊಳಗೆ, ಟೈಪ್‌ರೈಟರಿನಂಥ ಅಕ್ಷರದಲ್ಲಿ ಬೇರೆಯಾಗಿ ಕೂರಿಸುವುದು ರೂಢಿ. ಅದಕ್ಕೆ ಕೋಡ್ ಬ್ಲಾಕ್ ಅನ್ನುತ್ತಾರೆ. ಆ ಚೌಕಟ್ಟುಗಳನ್ನೆಲ್ಲ ಒಪ್ಪ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. "ಎರಡು ದಿನದ ಕೆಲಸ" ಎಂದರು ಮ್ಯಾನೇಜರ್. ಅವರು ಹಳೇ ಮನೆಗೆ ಸುಣ್ಣ ಬಳಿಸಿದವರಲ್ಲ.

ಡಾಲರ್ ಎಲ್ಲಿಂದ ಬಂತು ಅಂದರೆ, ಯೂನಿಕ್ಸ್ ಮನೆತನದ ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಕೂತಾಗ ಅದು ಒಂದು ಡಾಲರ್ ಚಿಹ್ನೆ ತೋರಿಸಿ ಸುಮ್ಮನಾಗುತ್ತದೆ. ಕಿರಾಣಿ ಅಂಗಡಿಯವರು ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ ಹುಬ್ಬು ಮಾತ್ರ ಏರಿಸುತ್ತಾರಲ್ಲ, ಹಾಗೆ: ಹೇಳಿ, ಏನಾಗಬೇಕು? ನೀವು ಸಾಮಾನ್ಯ ಪ್ರಜೆಯಾದರೆ ಡಾಲರ್. ರೂಟ್ ಎಂಬ ಚಕ್ರವರ್ತಿಯಾದರೆ ಹ್ಯಾಷ್ ಚಿಹ್ನೆ. ಕೈಪಿಡಿ ಬರೆದವರು ಪರದೆಯಲ್ಲಿ ಕಂಡದ್ದನ್ನು ಡಾಲರ್ ಸಮೇತ ಚೌಕಟ್ಟಿಗೆ ಇಳಿಸಿದ್ದರು. ಬಲ್ಲವರು ಅದನ್ನು ಬಿಟ್ಟು ಮುಂದಿನದನ್ನು ಟೈಪ್ ಮಾಡುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಯಾರೂ ಟೈಪ್ ಮಾಡುವುದಿಲ್ಲ, ಕಾಪಿ ಮಾಡುತ್ತಾರೆ.

ಹಾಗೆ ಕಾಪಿ ಮಾಡಿದ ನಮ್ಮ ಹೊಸ ಹುಡುಗ ಒಂದು ರಾತ್ರಿ ಫೋನ್ ಮಾಡಿದ. "ಸರ್, ಡಾಲರ್ ಕಮಾಂಡ್ ನಾಟ್ ಫೌಂಡ್ ಅಂತಿದೆ. ಡಾಲರ್ ಇನ್‌ಸ್ಟಾಲ್ ಮಾಡಬೇಕಾ?"

ಡಾಲರ್ ಆದರೂ ವಾಸಿ, ಕಂಪ್ಯೂಟರ್ ಬೈದು ತಿಳಿಸುತ್ತದೆ. ಹ್ಯಾಷ್ ಹಾಗಲ್ಲ. ಆ ಲೋಕದಲ್ಲಿ ಹ್ಯಾಷ್ ಚಿಹ್ನೆಗೆ ಎರಡನೆಯ ಅರ್ಥವೊಂದಿದೆ: ಇಲ್ಲಿಂದ ಮುಂದಿನದು ಸ್ವಗತ. ನಾಟಕದಲ್ಲಿ ಪಕ್ಕದಲ್ಲೇ ನಿಂತ ಪಾತ್ರ ಸ್ವಗತವನ್ನು ಕೇಳಿಸಿಕೊಳ್ಳಬಾರದಲ್ಲ, ಹಾಗೇ ಕಂಪ್ಯೂಟರ್ ಕೇಳಿಸಿಕೊಳ್ಳದೆ ನಿಂತಿರುತ್ತದೆ. "ಮೂರು ಸಲ ರೀಸ್ಟಾರ್ಟ್ ಮಾಡಿದೆ ಸರ್, ಎರರ್ ಏನೂ ಇಲ್ಲ, ಆದರೂ ಏಳ್ತಿಲ್ಲ" ಎಂದು ಅದೇ ಹುಡುಗ ಇನ್ನೊಂದು ರಾತ್ರಿ ಅಳುದನಿಯಲ್ಲಿ ಹೇಳಿದ. ಮೂರು ಸಲವೂ ಅವನು ಹ್ಯಾಷ್ ಸಮೇತ ಅಂಟಿಸಿದ್ದ. ಚಕ್ರವರ್ತಿಯ ಆಜ್ಞೆ ಮೂರು ಸಲವೂ ಸ್ವಗತವಾಗಿ ಹೋಗಿತ್ತು.

ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಚಿಕ್ಕಪ್ಪನ ಮಗನ ಉಪನಯನ ನೆನಪಾಯಿತು. "ನಾನು ಹೇಳಿದ್ದನ್ನು ಹಾಗ್ಹಾಗೇ ಹೇಳಬೇಕು, ತಿಳೀತಾ?" ಎಂದರು ಪುರೋಹಿತರು. ವಟು "ತಿಳೀತಾ" ಎಂದ. ಮಂತ್ರದ ನಡುವೆ ಅವರು "ಸ್ವಲ್ಪ ಈಚೆ ಸರಕೋ, ಹೊಗೆ" ಎಂದರೆ ಅವನೂ ಭಕ್ತಿಯಿಂದ "ಸ್ವಲ್ಪ ಈಚೆ ಸರಕೋ, ಹೊಗೆ" ಎಂದ. ಗೋತ್ರ ಹೇಳುವ ಜಾಗ ಬಂತು. "ನಿನ್ನ ಗೋತ್ರ ಹೇಳು" ಎಂದರೆ "ನಿನ್ನ ಗೋತ್ರ ಹೇಳು" ಎಂದ. ಚಪ್ಪರವೆಲ್ಲ ನಕ್ಕಿತು. ಎಂಟು ವರ್ಷದ ಹುಡುಗನ ತಪ್ಪೇನು? ಯಾವುದು ಮಂತ್ರ, ಯಾವುದು ಸೂಚನೆ, ಯಾವುದು ಅವನವನೇ ತುಂಬಿಕೊಳ್ಳಬೇಕಾದ ಖಾಲಿ ಜಾಗ ಎಂದು ಯಾರೂ ಬೇರ್ಪಡಿಸಿ ಹೇಳಿರಲಿಲ್ಲ.

ಆ ಖಾಲಿ ಜಾಗದ ಕಾಟ ಕೈಪಿಡಿಯಲ್ಲೂ ಇದೆ. "ಇಲ್ಲಿ ನಿಮ್ಮ ಸರ್ವರ್ ಹೆಸರು" ಎಂಬುದನ್ನು ಎರಡು ಕೋನದ ಆವರಣದ ನಡುವೆ ಬರೆಯುತ್ತಾರೆ. ಆ ಕೋನಗಳಿಗೆ ಕಪ್ಪು ಪರದೆಯಲ್ಲಿ ಬೇರೆಯದೇ ಕಸುಬು: ಒಂದು, ಫೈಲಿನಿಂದ ಓದು ಎನ್ನುತ್ತದೆ, ಇನ್ನೊಂದು, ಫೈಲಿಗೆ ಬರೆ ಎನ್ನುತ್ತದೆ. ಎರಡನೆಯದು, ಆ ಹೆಸರಿನ ಫೈಲ್ ಮೊದಲೇ ಇದ್ದರೆ ಅದನ್ನು ಒರೆಸಿಹಾಕಿ ಬರೆಯುತ್ತದೆ. ಅದಕ್ಕಿಂತ ಸಭ್ಯರು ಒಂದು ಉದಾಹರಣೆಯ ವಿಳಾಸ ಕೊಡುತ್ತಾರೆ. ನಮ್ಮ ವ್ಯಾಕರಣದ ಪುಸ್ತಕದಲ್ಲಿ ಕಾಡಿಗೆ ಹೋಗಲು, ಹಣ್ಣು ತಿನ್ನಲು, ಪಾಠ ಓದಲು ಎಲ್ಲಕ್ಕೂ ರಾಮನೊಬ್ಬ ಇದ್ದನಲ್ಲ, ಇಂಟರ್‌ನೆಟ್ಟಿನವರೂ ಅಂಥ ರಾಮನನ್ನು ಸಾಕಿಕೊಂಡಿದ್ದಾರೆ. 'ಎಕ್ಸಾಂಪಲ್ ಡಾಟ್ ಕಾಮ್' ಎಂಬ ಹೆಸರನ್ನು 1999ರಲ್ಲೇ ಉದಾಹರಣೆಗೆಂದು ಮೀಸಲಿಟ್ಟರು. 2010ರಲ್ಲಿ 192.0.2, 198.51.100, 203.0.113 ಎಂದು ಶುರುವಾಗುವ ಮೂರು ಕಟ್ಟು ವಿಳಾಸಗಳನ್ನು ಕೈಪಿಡಿ ಬರೆಯುವವರಿಗೆಂದೇ ಎತ್ತಿಟ್ಟರು. ಆ ನಂಬರಿನ ಮನೆಯಲ್ಲಿ ಯಾರೂ ವಾಸವಿಲ್ಲ; ಎಷ್ಟು ಸಲ ಬಾಗಿಲು ಬಡಿದರೂ ಯಾರ ನಿದ್ದೆಯೂ ಕೆಡುವುದಿಲ್ಲ. ನಮ್ಮ ಕೈಪಿಡಿಯಲ್ಲಿ ಮಾತ್ರ ಉದಾಹರಣೆಗೆ ಕೊಟ್ಟ ವಿಳಾಸ ಚಾಲ್ತಿಯಲ್ಲಿರುವ ಡೇಟಾಬೇಸಿನದೇ ಆಗಿತ್ತು. ಅದನ್ನು ಬದಲಿಸಿದ ದಿನ ನಾನು ಬೇಗ ಮನೆಗೆ ಹೋದೆ.

ಮೂರನೆಯ ವಾರ ವರ್ಡ್ ಕಡತಗಳ ಸರದಿ. ಕಂಪನಿಯ ಆದಿಯುಗದಲ್ಲಿ ಹಿರಿಯರೊಬ್ಬರು ಎಲ್ಲವನ್ನೂ ವರ್ಡಿನಲ್ಲಿ ಬರೆದಿಟ್ಟಿದ್ದರು. ವರ್ಡ್ ಎಂಬುದು ಲಗ್ನಪತ್ರಿಕೆ ಅಚ್ಚು ಹಾಕುವವರ ಮನೋಧರ್ಮದ ತಂತ್ರಾಂಶ. ನೆಟ್ಟಗೆ ನಿಂತ ಉದ್ಧರಣ ಚಿಹ್ನೆಯನ್ನು ಕಂಡರೆ ಅದಕ್ಕೆ ತಡೆಯಲಾಗುವುದಿಲ್ಲ. ಎಡಕ್ಕೊಂದು ಬಲಕ್ಕೊಂದು ಮೀಸೆ ತಿರುವಿ ಕೂರಿಸುತ್ತದೆ. ಎರಡು ಸಣ್ಣ ಗೆರೆ ಒಟ್ಟಿಗೆ ಕಂಡರೆ ಬೆಸುಗೆ ಹಾಕಿ ಒಂದೇ ಉದ್ದ ಗೆರೆ ಮಾಡುತ್ತದೆ. ಓದುವ ಕಣ್ಣಿಗೆ ಹಿತ. ಕಮಾಂಡಿಗೆ ಮರಣ. ನೆಟ್ಟಗಿನ ಚಿಹ್ನೆ ಒಂದು ಅಕ್ಷರ, ಮೀಸೆಯದು ಇನ್ನೊಂದು ಅಕ್ಷರ. ಕಂಪ್ಯೂಟರಿಗೆ ಅವೆರಡರ ನಡುವೆ ದೂರದ ಸಂಬಂಧವೂ ಇಲ್ಲ. ಎಷ್ಟೋ ಅರ್ಧರಾತ್ರಿಗಳು ಈ ಮೀಸೆಗೆ ಬಲಿಯಾಗಿವೆ.

ಮೀಸೆಯಾದರೂ ಕಾಣುತ್ತದೆ. ಕಾಣದ ಅಕ್ಷರಗಳ ವಿಚಾರವನ್ನು ಕನ್ನಡದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟಕಾರದ ಕೆಳಗೆ ವಕಾರ ಒತ್ತಾಗಿ ಜೋತು ಬೀಳಬಾರದೆಂದು ನಡುವೆ ಒಂದು ಅಗಲವಿಲ್ಲದ ಅಕ್ಷರ ಸೇರಿಸುತ್ತೇವಲ್ಲ, ಅದಕ್ಕೆ ಆಕಾರವಿಲ್ಲ, ಬಣ್ಣವಿಲ್ಲ, ಜಾಗವೂ ಬೇಡ. ಆದರೆ ಅದು ಇದೆ. ಕನ್ನಡ ಕೀಲಿಮಣೆಯನ್ನು ಬದಲಿಸಲು ಮರೆತು ನಾನೊಮ್ಮೆ ಅದನ್ನು ಫೈಲೊಂದರ ಹೆಸರಿನೊಳಗೆ ಸೇರಿಸಿಬಿಟ್ಟಿದ್ದೆ. ಪಟ್ಟಿಯಲ್ಲಿ ಫೈಲ್ ಕಾಣುತ್ತದೆ. ಹೆಸರು ಹಿಡಿದು ಕರೆದರೆ ಅಂಥವರು ಯಾರೂ ಇಲ್ಲ ಎಂಬ ಉತ್ತರ. ಒಂದು ಗಂಟೆ ನನ್ನ ಮೇಲೆ ನನಗೇ ಅನುಮಾನ ಬಂದಿತ್ತು.

ಗೆರೆಯ ತುದಿಯಲ್ಲಿ ಕೂರುವ ಸ್ಪೇಸ್ ಇದರ ತಮ್ಮ. ಕಮಾಂಡ್ ಉದ್ದವಾದರೆ ಗೆರೆಯ ಕೊನೆಗೆ ಹಿಮ್ಮುಖದ ಓರೆಗೆರೆ ಹಾಕಿ 'ಮುಂದುವರಿಯುವುದು' ಎಂದು ಸೂಚಿಸಬೇಕು. ಆ ಓರೆಗೆರೆಯ ಬೆನ್ನಿಗೆ ಒಂದೇ ಒಂದು ಸ್ಪೇಸ್ ಉಳಿದರೂ ಮಾತು ಅಲ್ಲಿಗೇ ತುಂಡಾಗುತ್ತದೆ. ಈ ಸ್ಪೇಸುಗಳನ್ನು ಹುಡುಕುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗಲ್ಲ, ಅಕ್ಕಿಯಲ್ಲಿ ಅಕ್ಕಿ ಆರಿಸಿದ ಹಾಗೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮನೆಯಿಂದಲೇ ಕೆಲಸ. ಅಮ್ಮ ಬೆನ್ನ ಹಿಂದೆ ನಿಂತು ನೋಡಿದಳು. "ಈ ಪೆಟ್ಟಿಗೆಯೊಳಗಿನ ಅಕ್ಷರ ಯಾಕೆ ಬಡಕಲು? ಮೇಲಿನವು ಚೆನ್ನಾಗಿವೆ." ಇಂಗ್ಲಿಷಿನ 'ಐ'ಗೂ 'ಎಂ'ಗೂ ಒಂದೇ ಅಗಲ ಕೊಡುವ ಟೈಪ್‌ರೈಟರ್ ಲೆಕ್ಕವನ್ನು ವಿವರಿಸಲು ಹೊರಟೆ. ಅವಳು ಅರ್ಧಕ್ಕೇ ತಡೆದು ಒಳಗೆ ಹೋಗಿ ರಂಗೋಲಿ ಪುಸ್ತಕ ತಂದಳು. ನಾನು ಮಿಡ್ಲ್ ಸ್ಕೂಲಿನಲ್ಲಿ ಮುಗಿಸದೆ ಬಿಟ್ಟ ಚೌಕುಳಿ ಗೆರೆಯ ಲೆಕ್ಕದ ಪುಸ್ತಕ ಅದು. 15ರಿಂದ 8ರವರೆಗೆ ಚುಕ್ಕಿ. "ಒಂದು ಚುಕ್ಕಿ ಆಚೀಚೆ ಆದರೆ ಗೆರೆ ಎಲ್ಲೋ ಹೋಗಿ ಸೇರುತ್ತೆ. ಅದಕ್ಕೇ ಗೆರೆ ಪುಸ್ತಕದಲ್ಲಿ ಬರ್ಕೊಳ್ಳೋದು. ಇದೂ ಅದೇ ತಾನೆ?" ಅದೇ. ತಂಡದ ತರಬೇತಿಗೆ ನಾನು ಮಾಡಿದ್ದ ಹನ್ನೊಂದು ಸ್ಲೈಡುಗಳಲ್ಲಿ ಈ ಮಾತು ಇರಲಿಲ್ಲ.

ಚುಕ್ಕಿಯ ಲೆಕ್ಕ ತಪ್ಪಿದರೆ ಆಗುವ ಫಜೀತಿಗೆ, ಸರಳ ಗುರುತುಗಳಿಂದಲೇ ಪುಟ ಜೋಡಿಸುವ ಪದ್ಧತಿಯಾದ ಮಾರ್ಕ್‌ಡೌನ್ ಒಳ್ಳೆಯ ಸಾಕ್ಷಿ. 2004ರಲ್ಲಿ ಜಾನ್ ಗ್ರೂಬರ್ ಅದನ್ನು ಹೊರತಂದಾಗ ನಿಯಮ ಸರಳವಾಗಿತ್ತು: ಗೆರೆಯ ಮುಂದೆ ನಾಲ್ಕು ಸ್ಪೇಸ್ ಬಿಟ್ಟರೆ ಅದು ಕೋಡ್. ಆದರೆ ಸಂಖ್ಯೆ ಹಾಕಿದ ಪಟ್ಟಿಯೊಳಗೆ ಕೋಡ್ ಬಂದರೆ ಎಂಟು ಬಿಡಬೇಕು. ಸರ್ವರ್ ಕೈಪಿಡಿಯಲ್ಲಿ ಸಂಖ್ಯೆ ಹಾಕಿದ ಪಟ್ಟಿ ಬಿಟ್ಟರೆ ಬೇರೇನಿದೆ? ಲೆಕ್ಕ ತಪ್ಪಿದಲ್ಲೆಲ್ಲ ಚೌಕಟ್ಟು ಒಡೆದು, ಮೂರನೆಯ ಹಂತದ ನಂತರ ಮತ್ತೆ ಒಂದನೆಯ ಹಂತ ಶುರುವಾಗಿತ್ತು. ಒಂದು ಪುಟದಲ್ಲಂತೂ ಏಳೂ ಹಂತಗಳಿಗೆ ಒಂದೇ ನಂಬರು, ಎಲ್ಲರೂ ಮೊದಲಿಗರೇ. ಆಮೇಲೆ ಮೂರು ಬ್ಯಾಕ್‌ಟಿಕ್ ಹಾಕಿ ಬೇಲಿ ಕಟ್ಟುವ ಪದ್ಧತಿ ಬಂದು ನಮ್ಮಂಥವರು ಬದುಕಿದೆವು. ಕೀಲಿಮಣೆಯ ಎಡ ಮೂಲೆಯಲ್ಲಿ, ಟ್ಯಾಬಿನ ನೆತ್ತಿಯ ಮೇಲೆ, ಜೀವಮಾನದಲ್ಲಿ ಯಾರೂ ಮುಟ್ಟದ ಒಂದು ಕೀಲಿ ಇರುತ್ತದಲ್ಲ, ಅದು.

ಟ್ಯಾಬ್ ಅಂದಾಗ ನೆನಪಾಯಿತು. 1976ರಲ್ಲಿ ಬೆಲ್ ಲ್ಯಾಬ್ಸಿನ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಎಂಬ ಸಾಧನ ಬರೆದರು. ಅದರ ಕಡತದಲ್ಲಿ ಕಮಾಂಡಿನ ಗೆರೆ ಟ್ಯಾಬಿನಿಂದಲೇ ಶುರುವಾಗಬೇಕು, ಸ್ಪೇಸ್ ನಡೆಯದು. ಇದು ತೊಡಕು ಎಂದು ಅವರಿಗೂ ಬೇಗನೆ ತಿಳಿಯಿತು. ಅಷ್ಟರಲ್ಲಿ ಸುಮಾರು ಹನ್ನೆರಡು ಮಂದಿ ಅದನ್ನು ಬಳಸಲು ಶುರುಮಾಡಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಹಾಗೇ ಬಿಟ್ಟರು. ಆ ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕೆ ಜಗತ್ತು ಇಂದಿಗೂ ಟ್ಯಾಬ್ ಒತ್ತುತ್ತಿದೆ. ಕೈಪಿಡಿಯ ಚೌಕಟ್ಟಿನಿಂದ ಕಾಪಿ ಮಾಡುವಾಗ ಟ್ಯಾಬ್ ಸ್ಪೇಸಾಗಿ ಕರಗಿದರೆ ಎಲ್ಲವೂ ನಿಲ್ಲುತ್ತದೆ. ದಾಕ್ಷಿಣ್ಯದ ಬೆಲೆ ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ.

ಇನ್ನು ಎಚ್ಚರಿಕೆಗಳು. ಒಂದು ಪುಟದಲ್ಲಿ ದೊಡ್ಡ ಚೌಕಟ್ಟು, ಅದರೊಳಗೆ ಡಿಸ್ಕ್ ಪೂರ್ತಿ ಅಳಿಸುವ ಕಮಾಂಡ್. ಕೆಳಗೆ ಕೆಂಪಕ್ಷರದಲ್ಲಿ: "ಮೇಲಿನ ಕಮಾಂಡ್ ಓಡಿಸುವ ಮೊದಲು ಬ್ಯಾಕಪ್ ತೆಗೆದುಕೊಳ್ಳಿ." ಹಂಪ್ ಹಾರಿ ತಲೆ ಬಸ್ಸಿನ ಚಾವಣಿಗೆ ಬಡಿದ ಮೇಲೆ "ಮುಂದೆ ಹಂಪ್ ಇದೆ" ಎಂಬ ಬೋರ್ಡ್ ಕಂಡಂತೆ. ಶಾಸನಗಳಲ್ಲೂ ಶಾಪ ಕೊನೆಗೇ ಬರುತ್ತದೆ ನಿಜ. ದಾನ ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು ಕಡೆಯಲ್ಲಿ ಕೆತ್ತಿರುತ್ತಾರೆ. ಆದರೆ ಕಲ್ಲನ್ನು ಯಾರೂ ಕಾಪಿ ಮಾಡಿ ಪೇಸ್ಟ್ ಮಾಡುತ್ತಿರಲಿಲ್ಲ. ಕೆಂಪಕ್ಷರವನ್ನೆಲ್ಲ ಎತ್ತಿ ಮೇಲೆ ಇಟ್ಟೆ. ಶಾಪ ಸೇರಿಸುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡೆ.

ಒಬ್ಬರು ಚೌಕಟ್ಟಿನ ಗೊಡವೆಯೇ ಬೇಡವೆಂದು ಪರದೆಯ ಫೋಟೋ ಹೊಡೆದು ಅಂಟಿಸಿದ್ದರು. ಅದರಲ್ಲಿ ಕಾಫಿ ಲೋಟದ ಪ್ರತಿಬಿಂಬವೂ ಇತ್ತು. ಸೊನ್ನೆಯೋ 'ಓ'ವೋ ಎಂಬುದು ಆ ಲೋಟದ ಹಿಂದೆ ಮರೆಯಾಗಿತ್ತು.

ಬೇಸರವಾದಾಗ ಹಳೆಯದನ್ನು ತಿರುವಿಹಾಕುತ್ತಿದ್ದೆ. ಯೂನಿಕ್ಸಿನ ಮೊದಲ ಕೈಪಿಡಿ 1971ರ ನವೆಂಬರ್ 3ರ ತಾರೀಖಿನದು. ಬರೆದವರು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ. ಕಮಾಂಡಿನ ಹೆಸರು, ರೂಪ, ವಿವರಣೆ ಎಂದು ಗೆರೆ ಕೊರೆದ ಹಾಗೆ ಜೋಡಿಸಿ, ಕೊನೆಯ ಕಡೆಗೆ 'ಬಗ್ಸ್' ಎಂಬ ತಲೆಬರಹ ಇಟ್ಟಿದ್ದಾರೆ. ಇದರಲ್ಲಿರುವ ಕುಂದುಗಳು ಇವು ಎಂದು ಮಾಡಿದವರೇ ಹೇಳಿಕೊಳ್ಳುವ ಜಾಗ. ವಧೂವರರ ಅಂಕಣದಲ್ಲಿ ಈ ತಲೆಬರಹವನ್ನು ನಾನಿನ್ನೂ ಕಂಡಿಲ್ಲ.

ಅಂತೂ ಭಾದ್ರಪದದ ಹೊತ್ತಿಗೆ ಡಾಲರುಗಳೆಲ್ಲ ಅಳಿದವು. ಎರಡು ದಿನದ ಕೆಲಸ ಎರಡು ತಿಂಗಳು ಹಿಡಿದಿತ್ತು. ಚೌಕಟ್ಟುಗಳು ತೊಳೆದಿಟ್ಟ ಅಂಗಳದ ಹಾಗಿದ್ದವು. ನಾಲ್ಕೇ ದಿನಕ್ಕೆ ಅದೇ ಹುಡುಗ ನನ್ನ ಕುರ್ಚಿಯ ಪಕ್ಕ ಬಂದು ನಿಂತ.

"ಸರ್, ಮೊದಲಿನ ಥರಾನೇ ಚೆನ್ನಾಗಿತ್ತು."

"ಯಾಕಪ್ಪಾ?"

"ಡಾಲರ್ ಇದ್ದರೆ ಇಲ್ಲಿಂದ ನಾವು ಹೇಳೋದು, ಅದಿಲ್ಲದ ಗೆರೆ ಕಂಪ್ಯೂಟರ್ ಹೇಳೋದು ಅಂತ ಗೊತ್ತಾಗ್ತಿತ್ತು. ಈಗ ಎಲ್ಲಾ ಒಂದೇ ಥರ. ನಿನ್ನೆ ರಾತ್ರಿ ಅದರ ಉತ್ತರಾನೂ ಸೇರಿಸಿ ಪೇಸ್ಟ್ ಮಾಡಿಬಿಟ್ಟೆ."

ಸ್ವಲ್ಪ ಈಚೆ ಸರಕೋ, ಹೊಗೆ.

ಡಾಲರ್ ಮತ್ತೆ ಬಂತು. ಈ ಸಲ ಉಪಾಯವಾಗಿ ತಂದೆ. ಪುಟದ ಅಲಂಕಾರದ ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಚಿಹ್ನೆ ತೆಳು ಬಣ್ಣದಲ್ಲಿ ಕಾಣುತ್ತದೆ. ಮೌಸ್ ಎಳೆದರೆ ಅದೊಂದನ್ನು ಬಿಟ್ಟು ಉಳಿದದ್ದು ಮಾತ್ರ ಆಯ್ಕೆಯಾಗುತ್ತದೆ. ಉತ್ತರದ ಗೆರೆಗಳಿಗೆ ಬೇರೆ ಚೌಕಟ್ಟು ಕೊಟ್ಟೆ. ಅವನು ಮೂರು ಸಲ ಕಾಪಿ ಮಾಡಿ ನೋಡಿ, ಏನೂ ಹೇಳದೆ ಕಾಫಿ ತರಲು ಹೋದ.

ಗೌರಿ ಹಬ್ಬದ ಹಿಂದಿನ ಸಂಜೆ ಅಮ್ಮ ಹೊಸಿಲ ಬಳಿ ಚುಕ್ಕಿ ಇಡುತ್ತಿದ್ದಳು. "ಇವತ್ತು ಏನು ಮಾಡಿದೆಯೋ?"

"ಅಳಿಸಿದ್ದ ಡಾಲರೆಲ್ಲ ವಾಪಸು ಹಾಕಿದೆ ಕಣಮ್ಮ. ಆದರೆ ಈಗ ಕಣ್ಣಿಗೆ ಕಾಣುತ್ತೆ ಅಷ್ಟೆ. ಹಿಡ್ಕೊಳ್ಳೋಕೆ ಹೋದರೆ ಕೈಗೆ ಬರಲ್ಲ."

ಅಮ್ಮ ಬೆರಳ ಸಂದಿನ ರಂಗೋಲಿ ಪುಡಿಯನ್ನು ಹಾಗೇ ಹಿಡಿದು ಎದುರು ಮನೆಯ ಕಡೆ ನೋಡಿದಳು.

"ಅವರ ಮಗನೂ ಹಾಗೇ ಕಣೋ, ಪಾಪ," ಎಂದಳು. "ದಿನಾ ವಿಡಿಯೋದಲ್ಲಿ ಕಾಣ್ತಾನೆ."