ಹುಂಜದ ಬಾಟಲಿ, ಅಥಣಿಯ ಚಪ್ಪಲಿ

ಇಟಲಿಯ ಫ್ಲಾರೆನ್ಸಿನಲ್ಲಿರುವ ತಂಗಿಯ ಮಗ ನಿಪ್ಪಾಣಿಗೆ ಬಂದಾಗ ನನಗೊಂದು ಕೆಂಪು ವೈನ್ ತಂದ. ಕಿಯಾಂಟಿ ಕ್ಲಾಸಿಕೊ. ಬಾಟಲಿಯ ಕೊರಳಿಗೆ ಕರಿ ಹುಂಜದ ಚಿತ್ರ. “ಮಾಮಾ, ಇದನ್ನ ಗಟಗಟ ಕುಡಿಯೂದಲ್ಲ, ಊಟಕ್ಕ ಜೋಡಿ ಮಾಡಬೇಕು” ಎಂದವನು ಮರುದಿನವೇ ಬೆಂಗಳೂರಿಗೆ ಹೋದ. ಆಯುಷ್ಯವೆಲ್ಲ ಮಾಸ್ತರಿಕೆ ಮಾಡಿದವನಿಗೆ ಇಷ್ಟು ಸಾಕು. ಎರಡು ದಿನ ಓದಿದೆ, ಮೂರನೆಯ ದಿನ ಅಡಿಗೆಮನೆಯಲ್ಲಿ ಹೆಂಡತಿಗೆ ಪಾಠ ಶುರು ಮಾಡಿದೆ.

ಫ್ಲಾರೆನ್ಸಿಗೂ ಸಿಯೆನಾಕ್ಕೂ ಗಡಿ ತಂಟೆಯಿತ್ತಂತೆ. ಕೋಳಿ ಕೂಗಿದೊಡನೆ ಎರಡೂ ಊರಿನಿಂದ ಒಬ್ಬೊಬ್ಬ ಸವಾರ ಹೊರಡಬೇಕು, ಎದುರುಬದುರಾದಲ್ಲಿ ಗಡಿ. ಸಿಯೆನಾದವರು ತಮ್ಮ ಬಿಳಿ ಹುಂಜಕ್ಕೆ ಹೊಟ್ಟೆ ಬಿರಿಯೆ ತಿನ್ನಿಸಿದರು. ಫ್ಲಾರೆನ್ಸಿನವರು ಕರಿಯದನ್ನು ಉಪವಾಸ ಕೆಡವಿದರು. ಹಸಿದದ್ದು ನಸುಕಿಗೂ ಮೊದಲೇ ಕೂಗಿತು, ಕಿಯಾಂಟಿ ಸೀಮೆಯ ಬಹುಪಾಲು ಅವರದಾಯಿತು. ದಂತಕಥೆಯೇ ಇರಲಿ, ನಿಪ್ಪಾಣಿಯವನಿಗೆ ಹೊಟ್ಟೆಕಿಚ್ಚಾಗದೆ ಇದ್ದೀತೆ? ನಮ್ಮ ಕರ್ನಾಟಕ-ಮಹಾರಾಷ್ಟ್ರ ಗಡಿ ತಂಟೆಯ ಮಹಾಜನ ವರದಿ ಬಂದದ್ದು 1967ರಲ್ಲಿ, ಸುಪ್ರೀಂ ಕೋರ್ಟಿನ ಖಟ್ಲೆ 2004ರದು. ನಮಗೆ ಒಂದು ಹುಂಜ ಹೊಳೆಯಲಿಲ್ಲ.

ಈ ವೈನಿನಲ್ಲಿ ನೂರಕ್ಕೆ ಕನಿಷ್ಠ 80 ಪಾಲು ಸಾಂಜೊವೇಸೆ ದ್ರಾಕ್ಷಿ ಇರಬೇಕು, ಆ ಹೆಸರಿನ ಅರ್ಥ ಜ್ಯುಪಿಟರನ, ಅಂದರೆ ಗುರುವಿನ ರಕ್ತ ಅನ್ನುತ್ತಾರೆ ಎಂದು ವಿವರಿಸಿದ್ದೇ ತಪ್ಪಾಯಿತು. ಅಂದು ಗುರುವಾರ, ನಮ್ಮದು ನರಸೋಬಾವಾಡಿಯ ದತ್ತಗುರುವಿಗೆ ನಡೆದುಕೊಳ್ಳುವ ಮನೆ. ಬಾಟಲಿ ಶುಕ್ರವಾರಕ್ಕೆ ಹೋಯಿತು.

ಶುಕ್ರವಾರ ಸಂಜೆ ನೋಡುತ್ತೇನೆ, ಬೂಚು ತೆಗೆಯುವ ತಿರುಪು ಮನೆಯಲ್ಲಿಲ್ಲ. ಬಾಟಲಿಯ ತಳವನ್ನು ಬೂಟಿನೊಳಗಿಟ್ಟು ಗೋಡೆಗೆ ಬಡಿದರೆ ಬೂಚು ತಾನೇ ಹೊರಬರುತ್ತದೆಂದು ಓದಿದ್ದೆ. ನಿವೃತ್ತನಿಗೆಲ್ಲಿಯ ಬೂಟು? ಇದ್ದದ್ದು ಅಥಣಿಯ ಚಪ್ಪಲಿ. ಬಾಟಲಿಯನ್ನು ಕೂಸಿನಂತೆ ಅಡ್ಡ ಹಿಡಿದು, ತಳಕ್ಕೆ ಚಪ್ಪಲಿ ಒತ್ತಿ, ನಡುಮನೆಯ ಗೋಡೆಗೆ ಬಡಿದೆ. ಧಡ್! ಬೂಚು ಮಿಸುಕಲಿಲ್ಲ. ಧಡ್! ಬಸವಣ್ಣನ ಕ್ಯಾಲೆಂಡರ್ ಬಿತ್ತು. ಧಡ್! ಬೂಚು ಕೂದಲೆಳೆಯಷ್ಟು ಸರಿದಂತೆ ಕಂಡಿತು. ನನಗೆ ಹುರುಪು ಬಂತು. ಧಡ್, ಧಡ್! ಗೋಡೆಯಾಚೆಯ ಕಾಕಾ, “ಕಾಯ್ ಝಾಲಂ ಹೋ ಗುರೂಜಿ? ವಹಿನಿ ಬರ್‍ಯಾ ಆಹೇತ್ ನಾ?” ಎಂದು ಕೂಗಿದರು; ಏನಾಯಿತು, ಅತ್ತಿಗೆ ಆರಾಮ ಇದ್ದಾರೆ ತಾನೆ ಎಂದು. ಚಪ್ಪಲಿ ಹಿಡಿದು ಯಾರನ್ನು ಬಡಿಯುತ್ತಿದ್ದೇನೆ ಎಂಬ ಅನುಮಾನ. “ಆರಾಮ ಅದೀನ್ರೀ ಕಾಕಾ, ಇವರು ಇಟಲಿಯಾಂವಗ ಬಡ್ಯಾಕತ್ತಾರ!” ಎಂದು ಇವಳ ಉತ್ತರ. ಹನ್ನೆರಡನೆಯ ಏಟಿಗೆ ಕಿತ್ತು ಬಂದದ್ದು ಚಪ್ಪಲಿಯ ಹೆಬ್ಬೆರಳಿನ ಉಂಗುರ. ಕೊನೆಗೆ ಕಡಗೋಲಿನ ಹಿಡಿಯಿಂದ ಬೂಚನ್ನು ಒಳಗೇ ತಳ್ಳಿದೆ. ಗುರುವಿನ ರಕ್ತ ಗೋಡೆಗೂ ಬನಿಯನ್ನಿಗೂ ಚಿಮ್ಮಿತು. ಉಳಿದದ್ದನ್ನು ಚಹಾ ಸೋಸುವ ಜಾಳಿಗೆಯಲ್ಲಿ ಸೋಸಿಕೊಂಡೆವು.

ನಮ್ಮ ಖಾರದ ಕೆಂಪು ಸಾರು ತಾಂಬಡಾ ರಸ್ಸಾದೊಂದಿಗೆ ಜೋಡಿ ಕೂಡಲಿಲ್ಲ. ವೈನಿನ ಒಗರು ಖಾರವನ್ನು ಕೆಣಕಿತು, ಖಾರ ಒಗರನ್ನು. ಫ್ಲಾರೆನ್ಸಿನವರು ಇದನ್ನು ದನದ ಮಾಂಸದ ಅರೆಬೆಂದ ದಪ್ಪ ತುಂಡಿನೊಂದಿಗೆ ಕುಡಿಯುತ್ತಾರೆ, ಮಾಂಸಕ್ಕೂ ಜಿಡ್ಡಿಗೂ ಒಗರು ಮೆತ್ತಗಾಗುತ್ತದೆ. ನಮ್ಮಲ್ಲಿ ಆ ಕೆಲಸ ಮಾಡಿದ್ದು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು. “ಹುಳಿ ಪುಂಡಿಪಲ್ಯಾದಂಗ ಐತಿ, ಮೊಸರಿಗೆ ಬಗ್ಗತೈತಿ” ಎಂದಳು ಇವಳು. ನನ್ನ ಎರಡು ದಿನದ ಓದು ಅಷ್ಟರಲ್ಲಿ ಮುಗಿಯಿತು.

ಮರುದಿನ ಚಪ್ಪಲಿ ಹೊಲಿಯುವವರ ಹತ್ತಿರ ಹೋದೆ. ಅವರು ಮೂಸಿ ನೋಡಿ ನಕ್ಕರು, ಏನೂ ಕೇಳಲಿಲ್ಲ. ಮೊಳೆ ಬಳಸದೆ ಚರ್ಮದ ಎಳೆಯಿಂದಲೇ ಹೊಲಿಯುತ್ತ, “ಇಟಲಿದಾಗ ನಮ್ಮಂಥಾ ಚಪ್ಪಲಿ ಮೆಟ್ಟಿ ಮೆರೆಸಿದರಂತಲ್ರಿ?” ಎಂದರು. ಹೌದು, 2025ರ ಜೂನಿನಲ್ಲಿ, ಮಿಲಾನಿನಲ್ಲಿ ಪ್ರಾಡಾ ಕಂಪನಿಯ ಫ್ಯಾಶನ್ ಪ್ರದರ್ಶನದಲ್ಲಿ. ಮೂಲ ಭಾರತದ್ದೆಂದು ಕಂಪನಿ ಒಪ್ಪಿದ್ದು ಗದ್ದಲವಾದ ಮೇಲೆ.

“ಏನ್ ರೇಟ್ ಅಂತ್ರಿ ಅಲ್ಲಿ?”

“ಲಕ್ಷದ ಮ್ಯಾಲೆ ಅಂತ ಪೇಪರಿನ್ಯಾಗ ಬಂದಿತ್ತು.”

ಸೂಜಿ ಒಂದು ಗಳಿಗೆ ನಿಂತಿತು, ಮತ್ತೆ ನಡೆಯಿತು. ಚಪ್ಪಲಿ ಮುಂದಿಟ್ಟು, “ಮೂವತ್ತ ಕೊಡ್ರಿ” ಎಂದರು.

ಬಾಯಿ ರೂಢಿ. “ಇಪ್ಪತ್ತಕ್ಕ ಮಾಡ್ರಿ” ಎಂದುಬಿಟ್ಟೆ.