ಸಾವಯವಪ್ರಿಯ ಪ್ರಿಯದರ್ಶಿಗಳಿಗೆ, ಬಳೆಗಾರ ಗುಂಡಿನ ಬುಡದಿಂದ

ಬೆಂಗಳೂರಿನ ಸಾವಯವಪ್ರಿಯ ಗ್ರಾಹಕ ಮಹಾಶಯರಿಗೆ, ಮೊಳಕಾಲ್ಮೂರು ತಾಲ್ಲೂಕು ಜಟಿಂಗ ರಾಮೇಶ್ವರ ಬೆಟ್ಟದ ಬುಡದಲ್ಲಿ ಮೂರೂವರೆ ಎಕರೆ ಉಳುವವನು ಮಾಡುವ ನಮಸ್ಕಾರಗಳು. ನಾವು ಕ್ಷೇಮ. ತಮ್ಮ ಆರೋಗ್ಯ ಹೇಗಿದೆ?

ಆರೋಗ್ಯ ಕೇಳಿಯೇ ಓಲೆ ಶುರು ಮಾಡುವುದು ಈ ಸೀಮೆಯ ಹಳೇ ಪದ್ಧತಿ. ಪಕ್ಕದ ಬ್ರಹ್ಮಗಿರಿಯ ಬಂಡೆ ಮೇಲೆ ಅಶೋಕ ಕೆತ್ತಿಸಿದ ಶಾಸನವೂ ಹಾಗೇ ಶುರುವಾಗುತ್ತದೆ. ಸುವರ್ಣಗಿರಿಯ ದೊಡ್ಡ ಸಾಹೇಬರು ಇಸಿಲದ ಸಾಹೇಬರ ಆರೋಗ್ಯ ವಿಚಾರಿಸುತ್ತಾರೆ. ಅದೇ ಆಜ್ಞೆಯ ಇನ್ನೊಂದು ಪ್ರತಿ ನಮ್ಮ ಬೆಟ್ಟದ ಮೇಲಿದೆ. 1892ರಲ್ಲಿ ಬಿ.ಎಲ್. ರೈಸ್ ಸಾಹೇಬರು ಬಂದು ಅದು ಶಾಸನ ಅನ್ನುವವರೆಗೆ ನಮಗದು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದೇ ಅಲ್ಲಿ. ಚಕ್ರವರ್ತಿಯ ಆಜ್ಞೆಯ ಮೇಲೆ ಕೂತು ಬಳೆ ಮಾರಿದ ಜನ ನಾವು. ತಾವು ಕಳಿಸಿದ ಪ್ರಶ್ನೆಪತ್ರಿಕೆಗೆ ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬಾರದು.

ಐದು ಕೆಜಿ ನವಣೆಗೆ ಹದಿನಾಲ್ಕು ಪ್ರಶ್ನೆ. ಮೊದಲನೆಯದು: ಸರ್ಟಿಫಿಕೇಟ್ ಇದೆಯೇ?

ಹೋಗಿದ್ದೆ ಸ್ವಾಮಿ. ಪಹಣಿ ತೋರಿಸು ಅಂದರು. ಪಹಣಿ ಇನ್ನೂ ತಾತನ ಹೆಸರಲ್ಲಿದೆ. ತಾತ ಅದೇ ಹೊಲದ ಬದುವಿನಲ್ಲಿ ಮಣ್ಣಾಗಿದ್ದಾನೆ. ಅಷ್ಟರಮಟ್ಟಿಗೆ ಹೊಲ ಪೂರ್ತಿ ಸಾವಯವ. ಪೌತಿ ಖಾತೆ ಮಾಡಿಸಿಕೊಂಡು ಬಾ ಅಂದರು. ಅದಾದ ಮೇಲೂ ಎರಡು ವರ್ಷ ಪರಿವರ್ತನೆಯ ಕಾಲವಂತೆ. ಅಷ್ಟು ದಿನ ಬೆಳೆ ಸಾವಯವದ್ದು, ರೇಟು ಸಾದಾದ್ದು. ಇಲ್ಲವಾದರೆ ಐದು ಜನ ರೈತರು ಗುಂಪು ಕಟ್ಟಿಕೊಂಡು ಒಬ್ಬರಿಗೊಬ್ಬರು ಸಾಕ್ಷಿ ಹೇಳುವ ದಾರಿಯಿದೆ. ನಮ್ಮೂರಲ್ಲಿ ಐದು ಜನ ಒಂದೇ ಮಾತು ಆಡಿದ್ದು ಯಾವಾಗ ಅಂತ ಅವ್ವನನ್ನು ಕೇಳಿದೆ. ಅವಳಿಗೂ ನೆನಪಿಲ್ಲ. 2017ರ ಆಹಾರ ಸುರಕ್ಷತಾ ನಿಯಮದಲ್ಲಿ ಮಾತ್ರ ಒಂದು ಕರುಣೆಯಿದೆ: ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಮಾಡುವ ಸಣ್ಣ ರೈತ ತಿನ್ನುವವರ ಕೈಗೇ ನೇರವಾಗಿ ಮಾರಿದರೆ ಸರ್ಟಿಫಿಕೇಟಿನ ಹಂಗಿಲ್ಲ. ನಾನು 12 ಲಕ್ಷ ದಾಟುವವನಲ್ಲ ಅನ್ನುವುದು ಸರ್ಕಾರಕ್ಕೆ ನನಗಿಂತ ಮೊದಲೇ ಗೊತ್ತಿದ್ದಂತಿದೆ.

ಎರಡನೇ ಪ್ರಶ್ನೆ: ಅಕ್ಕಪಕ್ಕದ ಹೊಲದವರು ಔಷಧಿ ಹೊಡೆಯುತ್ತಾರೆಯೇ? ಹೊಡೆಯುತ್ತಾರೆ. ಪಕ್ಕದ ಎರಡೂವರೆ ಎಕರೆ ಶೇಂಗಾಕ್ಕೆ ಡಬ್ಬ ಬೆನ್ನಿಗೇರಿಸಿಕೊಂಡು ಹೊಡೆಯುವ ಆ ಪಾಪಿ ನಾನೇ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಹದಿನಾಲ್ಕು ಪ್ರಶ್ನೆ ಕೇಳುವುದಿಲ್ಲ. ಚೀಲ ತೂಗುತ್ತಾರೆ, ದುಡ್ಡು ಎಣಿಸುತ್ತಾರೆ. ಮಗಳ ಫೀಜು ಕಟ್ಟುವುದು ಶೇಂಗಾ. ನವಣೆ ಇರುವುದು ಉಳಿದೊಂದು ಎಕರೆಯಲ್ಲಿ, ಅವ್ವನ ಹಟಕ್ಕೆ. ಗಾಳಿ ಎತ್ತ ಬೀಸುತ್ತದೋ ನೋಡಿ ಹೊಡೆಯುತ್ತೇನೆ, ಅಷ್ಟು ಮಾತ್ರ ಆಣೆಯಿಟ್ಟು ಹೇಳಬಲ್ಲೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಪ್ರಶ್ನೆಯೊಂದಿದೆ: ಸಿಪ್ಪೆ ಬಿಡಿಸುವವರು ಯಾರು? ನವಣೆಯ ಕಷ್ಟವೆಲ್ಲ ಇರುವುದು ಅಲ್ಲಿ. ಮಳೆ ಕೈಕೊಟ್ಟರೂ ಬೆಳೆಯುತ್ತದೆ. ಐನೂರು ಮಿಲಿಮೀಟರ್ ಬಿದ್ದರೆ ಹಬ್ಬ ಮಾಡುವ ಸೀಮೆಯಿದು, ಅದಕ್ಕೆ ಹೇಳಿ ಮಾಡಿಸಿದ ಕಾಳು. ಆದರೆ ಮೈಗೆ ಅಂಟಿದ ಹೊಟ್ಟು ಸುಲಭಕ್ಕೆ ಬಿಡುವುದಿಲ್ಲ. ಹಿಂದೆ ಕೋಳಿ ಕೂಗುವ ಮುಂಚೆ ಹೆಂಗಸರು ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಬೇಕಿತ್ತು. ಅವ್ವನ ರಟ್ಟೆ ನೋವಿಗೆ ನವಣೆಯಷ್ಟೇ ವಯಸ್ಸು. ಊರಿನ ಗಿರಣಿ ರಾಗಿ ಬೀಸುತ್ತದೆ, ಮೆಣಸಿನಕಾಯಿ ಪುಡಿ ಮಾಡುತ್ತದೆ. ನವಣೆ ಕಂಡರೆ ಕೈ ಎತ್ತುತ್ತದೆ. ಹಾಗಾಗಿ ಹೆಚ್ಚಿನದನ್ನು ಹೊಟ್ಟಿನ ಸಮೇತ ಮಾರುತ್ತೇವೆ. ಕಾಳು ಪಟ್ಟಣಕ್ಕೆ ಹೋಗಿ, ಸ್ನಾನ ಮಾಡಿ, ಜಿಪ್ ಇರುವ ಅಂಗಿ ತೊಟ್ಟು ನಿಮ್ಮ ಅಂಗಡಿಯಲ್ಲಿ ಕೂರುತ್ತದೆ. ಅಲ್ಲಿ ಅದರ ರೇಟು ನೋಡಿ ನಾನೇ ಕೈಮುಗಿದೆ.

ಹಿಂದೆ ಇದನ್ನು ತೃಣಧಾನ್ಯ ಅನ್ನುತ್ತಿದ್ದರು, ಅಂದರೆ ಹುಲ್ಲು. ಆಮೇಲೆ ಸಿರಿಧಾನ್ಯವಾಯಿತು. 2018ರಲ್ಲಿ ಕೇಂದ್ರದ ಗೆಜೆಟ್ಟಿನಲ್ಲಿ ಪೌಷ್ಟಿಕ ಧಾನ್ಯವೆಂಬ ಬಿರುದು, 2023ರಲ್ಲಿ ವಿಶ್ವಸಂಸ್ಥೆಯಿಂದ ಒಂದಿಡೀ ವರ್ಷದ ಉತ್ಸವ. ಅಷ್ಟರಲ್ಲಿ ನಮ್ಮ ಮನೆಯ ತಟ್ಟೆಗೆ ಸೊಸೈಟಿ ಅಕ್ಕಿ ಬಂದು ಕೂತಾಗಿತ್ತು. ನವಣೆಗೆ ಹಬ್ಬ ಹುಣ್ಣಿಮೆಯಲ್ಲಷ್ಟೇ ಪ್ರವೇಶ. ನೀವು ನವಣೆ ತಿಂದು ಸಕ್ಕರೆ ಇಳಿಸಿಕೊಂಡಿರಿ. ನಾವು ನವಣೆ ಮಾರಿ, ಅಕ್ಕಿ ತಿಂದು, ಅದೇ ಸಕ್ಕರೆಯನ್ನು ನಿಮ್ಮಿಂದ ವಹಿಸಿಕೊಂಡೆವು.

ಹೋದ ಸಲ ಕಳಿಸಿದ ಕಾಳಿಗೆ ಹುಳ ಬಂತೆಂದು ದೂರಿದ್ದೀರಿ. ಪಾಲಿಶ್ ಬೇಡ, ತೌಡು ಇರಲಿ, ವಿಷ ಸೋಕಬಾರದು ಎಂದವರು ತಾವೇ. ಅಂಥ ಕಾಳು ಹುಳಕ್ಕೂ ಇಷ್ಟವಾದರೆ ನಾನೇನು ಮಾಡಲಿ? ನೀವು ಕೇಳಿದ ಸರ್ಟಿಫಿಕೇಟ್ ಅದೇ, ಕಾಲು ಬಂದು ಓಡಾಡುತ್ತಿದೆ.

‘ನವಣೆ ರಿಸೊಟ್ಟೊ’ ಮಾಡಿದೆ, ಅಂಟಾಯಿತು ಎಂದೂ ಬರೆದಿದ್ದೀರಿ. ಅವ್ವನಿಗೆ ಓದಿ ಹೇಳಿದೆ. ಅದು ಯಾವ ಕಾಯಿಲೆ ಅಂದಳು. ಅವಳು ಹೇಳಿದ್ದು ಇಷ್ಟು: ನವಣೆಯಕ್ಕಿ ಗಂಟೆಹೊತ್ತು ನೆನೆಹಾಕು. ಎಸರು ಕುದಿಯುವಾಗ ಸುರಿ. ಮುಕ್ಕಾಲು ಬೆಂದ ಮೇಲೆ ಗಂಜಿ ಬಸಿದು, ಮುಚ್ಚಿ, ಕೆಂಡದ ಮೇಲೆ ಬಿಡು. ಮೇಲೆ ಹುರುಳಿಕಟ್ಟಿನ ಸಾರು, ಪಕ್ಕದಲ್ಲಿ ಶೇಂಗಾ ಚಟ್ನಿ. ಕೆಂಡವಿಲ್ಲದವರು ಸಣ್ಣ ಉರಿಯಲ್ಲಿಟ್ಟು ಆಚೆ ಹೋಗಬೇಕು. ಮೇಲಿಂದ ಮೇಲೆ ಮುಚ್ಚಳ ತೆಗೆದು ಫೋಟೊ ತೆಗೆದರೆ ಅಂಟೇ ಆಗುವುದು.

ಸಣ್ಣ ರೈತರಿಗೆ ಬೆಂಬಲ ಕೊಡುವುದು ನಿಮ್ಮ ವ್ರತವಂತೆ, ಸಂತೋಷ. ಹಾಗಾದರೆ ಬಿತ್ತನೆಗೆ ಮುಂಚೆ ಅರ್ಧ ದುಡ್ಡು ಕೊಡಿ, ಮಳೆ ಹೋದರೆ ಅರ್ಧ ನಷ್ಟವೂ ನಿಮ್ಮದಿರಲಿ ಅಂತ ಫೋನಿನಲ್ಲಿ ಕೇಳಿದ್ದೆ. ‘ಮಳೆ ನಮ್ಮ ಕೈಯಲ್ಲಿಲ್ಲವಲ್ಲ’ ಅಂದಿರಿ. ನಮ್ಮ ಕೈಯಲ್ಲಿದೆ ಅಂತ ತಮಗೆ ಹೇಳಿದವರು ಯಾರು? ದೊಡ್ಡವರಷ್ಟೇ ಅಲ್ಲ, ಶ್ರಮಪಟ್ಟರೆ ಸಣ್ಣವರೂ ಸ್ವರ್ಗ ಪಡೆಯಬಹುದೆಂದು ಅಶೋಕನೂ ಆ ಬಂಡೆಯ ಮೇಲೆ ಹೇಳಿಸಿದ್ದಾನೆ. ಶ್ರಮದ ಭಾಗ ಅವತ್ತಿನಿಂದ ಇಲ್ಲಿ ಜಾರಿಯಲ್ಲಿದೆ. ಸ್ವರ್ಗದ ಬಾಬ್ತು ಸುವರ್ಣಗಿರಿಯಿಂದ ಇನ್ನೂ ಆದೇಶ ಬಂದಿಲ್ಲ.

ಆ ಶಾಸನ ಬರೆದ ಚಪಡ ಎಂಬ ಲಿಪಿಕಾರ ಕೊನೆಗೆ ತನ್ನ ಕಸುಬಿನ ಹೆಸರನ್ನು ಖರೋಷ್ಠಿಯಲ್ಲಿ ಕೆತ್ತಿದ. ಈ ಸೀಮೆಯಲ್ಲಿ ಯಾರಿಗೂ ಬಾರದ ಲಿಪಿ. ನಿಮ್ಮ ಪ್ಯಾಕೆಟ್ಟಿನ ಹಿಂದೆ ‘ನಮ್ಮ ರೈತರ ಕಥೆ’ ಇಂಗ್ಲಿಷಿನಲ್ಲಿದೆ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಚಿತ್ರದಲ್ಲಿರುವ ಎತ್ತು ಚೆನ್ನಾಗಿದೆ ಅಂದಳು.

ನವಣೆ ಬಸ್ಸಿಗೆ ಹಾಕಿದ್ದೇನೆ. ಬರೆದವನು ಮಗ, ಅಡುಗೆ ಹೇಳಿ ಬರೆಸಿದವಳು ಅವ್ವ.

ತಾ.ಕ.: ಚೀಲ ವಾಪಸು ಕಳಿಸಬೇಕಂತೆ. ಹೋದ ಸಲದ್ದೂ ಬಂದಿಲ್ಲ.