ಸೆಟ್ಟಿಂಗ್ ಸಾವ್ಕಾರ

ರನ್ನ ಬೆಳಗಲಿಯಲ್ಲಿ ಕಬ್ಬಿನ ಬಿಲ್ಲು ಬಂತೆಂದರೆ ಕೆಲವರು ಬಂಗಾರ ಕೊಳ್ಳುತ್ತಾರೆ, ಕೆಲವರು ಬೋರು ಹೊಡೆಸುತ್ತಾರೆ. ಸೆಟ್ಟಿಂಗ್ ಸಾವ್ಕಾರನ ಮನೆಯಲ್ಲಿ ಗ್ರಾಫಿಕ್ಸ್ ಕಾರ್ಡು ಕೊಳ್ಳುತ್ತಾರೆ. ಓದಿದ್ದು ಇಂಜಿನಿಯರಿಂಗು, ಇನ್ನೂ ಎಷ್ಟು ಸಬ್ಜೆಕ್ಟ್ ಉಳಿದಿವೆ ಎಂಬುದು ಮನೆಯವರಿಗೆ ಗೊತ್ತಿಲ್ಲ. ಮುಧೋಳ, ಮಹಾಲಿಂಗಪುರ, ಜಮಖಂಡಿ, ಎಲ್ಲಿ ಹುಡುಕಿದರೂ ಇಂಥವನೊಬ್ಬ ಸಿಗುತ್ತಾನೆ. ಗುರುತು ಸುಲಭ: ಪಿಸಿ ಮುಂದೆ ಕೂತಾಗ ಕೈಯಲ್ಲಿ ಮೌಸ್ ಇರುವುದಿಲ್ಲ, ಸ್ಕ್ರೂಡ್ರೈವರ್ ಇರುತ್ತದೆ.

ಕಂಪ್ಯೂಟರಿಗಿಂತ ಮೊದಲೇ ಅವನ ಹತ್ತಿರ ಆಟವಿತ್ತು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ, ಎಪಿಕ್ ಗೇಮ್ಸ್‌ನವರು ಜಿಟಿಎ 5 ಪುಕ್ಕಟೆ ಹಂಚಿದಾಗ ಮೊಬೈಲಿನಿಂದಲೇ ಖಾತೆಗೆ ಹಾಕಿಕೊಂಡ. ಆಟದ ಗಾತ್ರ ನೂರು ಜಿಬಿಗೆ ಸಮೀಪ, ಅವನ ಸಿಮ್ಮಿಗೆ ದಿನಕ್ಕೆ ಒಂದೂವರೆ ಜಿಬಿ. ಎರಡು ತಿಂಗಳು ಬಿಡದೆ ಇಳಿಸಬೇಕು. ಇಳಿಸಲು ಯಂತ್ರವೇ ಇಲ್ಲ. “ಫ್ರೀ ಸಿಕ್ಕಾಗ ಬಿಡಬಾರದ್ರಿ” ಎಂದ.

ಯಂತ್ರ ಕೊಳ್ಳುವ ಹೊತ್ತಿಗೆ 2021. ಚಿಪ್ಪಿನ ಅಭಾವ, ಕ್ರಿಪ್ಟೊದವರ ಹಾವಳಿ ಸೇರಿ ಗ್ರಾಫಿಕ್ಸ್ ಕಾರ್ಡಿನ ದರ ಮುಗಿಲು ಮುಟ್ಟಿತ್ತು. ಅದೇ ವರ್ಷ ಫೆಬ್ರುವರಿಯಲ್ಲಿ ಪ್ಲೇಸ್ಟೇಷನ್ 5 ಕನ್ಸೋಲು ಭಾರತಕ್ಕೆ ಬಂತು; ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ. ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವ ಸೋದರಮಾವನ ಮಗ ಹೇಗೋ ಒಂದನ್ನು ತರಿಸಿದ. ಟಿವಿಗೊಂದು ವೈರು, ಪ್ಲಗ್ಗಿಗೊಂದು ವೈರು, ಆಟ ಶುರು. ಸಾವ್ಕಾರನಿಗೆ ಅದು ಹಿಡಿಸಲಿಲ್ಲ.

“ಅದರಾಗ ಏನೈತೋ ಮಾರಾಯಾ? ಬಿಚ್ಚಾಕ ಬರಂಗಿಲ್ಲ, ಹಚ್ಚಾಕ ಬರಂಗಿಲ್ಲ. ಹೊಸಾ ಆಟ ಒಂದಕ್ಕ ಐದ್ ಸಾವಿರ. ಆನ್‌ಲೈನ್ ಆಡಾಕ ಮತ್ತ ರೊಕ್ಕ ತುಂಬಬೇಕು!”

ರೊಕ್ಕದ ಮಾತು ಸುಳ್ಳಲ್ಲ. ಪಿಸಿಯಲ್ಲಾದರೆ ಸೇಲಿನ ದಿನಗಳಲ್ಲಿ ಆಟಗಳು ಅಗ್ಗ, ಆನ್‌ಲೈನಿಗೆ ಆ ಬಾಡಿಗೆಯೂ ಇಲ್ಲ. ಆದರೆ ಈ ಉಳಿತಾಯವೆಲ್ಲ ಆಡುವವನಿಗೆ ತಾನೇ?

ಇವನು ಆಡುವುದಿಲ್ಲ. ಸಂಜೆ ಕೂರುತ್ತಾನೆ. ಮೊದಲು ವಿಂಡೋಸ್ ಅಪ್‌ಡೇಟು, ಬಳಿಕ ಡ್ರೈವರು, ಬಳಿಕ ನೆರಳು ಹೈ ಇರಲೋ ಮೀಡಿಯಂ ಇರಲೋ ಎಂಬ ಚಿಂತೆ. ಪರದೆಯ ಮೂಲೆಯಲ್ಲಿ ಫ್ರೇಮ್ ಎಣಿಸುವ ಅಂಕಿ ಇಟ್ಟುಕೊಂಡು, ಎದುರಿನವ ಗುಂಡು ಹಾರಿಸುತ್ತಿದ್ದರೂ ಅದನ್ನೇ ನೋಡುತ್ತಾನೆ. “ಸತ್ತಾಗನೂ 70ರ ಕೆಳಗ ಇಳೀಲಿಲ್ಲ ನೋಡು!” ಅಷ್ಟರಲ್ಲಿ ತೋಟಗಳಿಗೆ ತ್ರೀ ಫೇಸ್ ಬರುತ್ತದೆ. ಸುತ್ತಲಿನ ಪಂಪ್‌ಸೆಟ್ಟುಗಳು ಒಟ್ಟಿಗೆ ಎದ್ದು ವೋಲ್ಟೇಜು ಮಲಗುತ್ತದೆ, ಯುಪಿಎಸ್ ಕೂಗುತ್ತದೆ. (ಕರೆಂಟು ಮಾತ್ರ ಪಕ್ಷಪಾತ ಮಾಡುವುದಿಲ್ಲ. ಬನಹಟ್ಟಿಯ ಕನ್ಸೋಲೂ ಹೀಗೇ ಮಲಗುತ್ತದೆ.)

ಊರಿನ ಹೆಸರನ್ನೂ ಅವನು ಬಿಟ್ಟಿಲ್ಲ. “ಗದಾಯುದ್ಧ ಬರದ ರನ್ನನ ಊರ್ರೀ ಇದು. ಯುದ್ಧ ನಮ್ಮ ನೀರಾಗ ಐತಿ.” ಇರಬಹುದು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನ ಭೀಮ ಗರ್ಜಿಸಿದ್ದಕ್ಕೆ ಎದ್ದು ಬಂದ. ಸಾವ್ಕಾರನ ಎದುರಾಳಿ ಲೋಡಿಂಗ್ ಪರದೆಯ ಹಿಂದಿನಿಂದ ಇನ್ನೂ ಬಂದಿಲ್ಲ.

ಬೈಯಬೇಕಾದ ಅಪ್ಪನಿಗೂ ಬಾಯಿಲ್ಲ.

“ಆ ಡಬ್ಬಿಗೆ ಬಣ್ಣದ ಲೈಟ್ ಯಾಕಲೇ? ಜಾತ್ರಿ ಐತೇನು?”

“ಯಪ್ಪಾ, ನಮ್ಮ ಟ್ರ್ಯಾಕ್ಟರಿಗೆ ಯಾಕ ಐತಿ?”

ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೋಗುವ ಆ ಟ್ರ್ಯಾಕ್ಟರಿನ ಸ್ಪೀಕರು, ಬಲ್ಬು, ಗೊಂಡೆ, ಹಿಂದೆ ಬರೆಸಿದ ಹೆಸರು, ಎಲ್ಲದರ ಖರ್ಚು ಮಗನಿಗೆ ಬಾಯಿಪಾಠ. ಅಪ್ಪನೂ ಬಿಡುವು ಸಿಕ್ಕರೆ ಬಾನೆಟ್ ಎತ್ತಿ ಕೂರುವವನೇ. ರೋಗ ಮನೆತನದ್ದು.

ಹಾಗಾಗಿ, ಹಬ್ಬಕ್ಕೆ ಮಗನಿಗೆ ಏನು ಕೊಡಿಸೋಣ ಎಂದು ಕೇಳುವ ತಂದೆ ತಾಯಂದಿರಿಗೆ ಹೇಳುವುದಿಷ್ಟು: ಹುಡುಗ ಆಡುವವನಾದರೆ ಕನ್ಸೋಲೇ ಸಾಕು. ಬಿಚ್ಚುವವನಾದರೆ ಮಾತ್ರ ದಯವಿಟ್ಟು ಪಿಸಿಯನ್ನೇ ಕೊಡಿಸಿ. ಇಲ್ಲದಿದ್ದರೆ ಅವನು ಟ್ರ್ಯಾಕ್ಟರಿಗೆ ಕೈ ಹಾಕುತ್ತಾನೆ, ಅದೂ ಕಬ್ಬು ಕಡಿಯುವ ಹಂಗಾಮಿನಲ್ಲಿ.